ಅತ್ತೆಯ ಮಾಳಿಗೆ ಖಾಲಿಯಿದ್ದ ವರ್ಷ

ಇದೆಲ್ಲ ನಾನು ಹೇಳುವ ಹಾಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಂದವನು ನಾನು. ಸಾಕ್ಷಿಯಿಲ್ಲದ ಮಾತನ್ನು ನಂಬಬಾರದೆಂದು ಅಲ್ಲಿ ಕಲಿಸಿದರು. ಈ ಸಂಗತಿಗೆ ಈಗ ಉಳಿದಿರುವ ಸಾಕ್ಷಿ ನಾನೊಬ್ಬನೇ, ಮತ್ತು ನನ್ನ ಸಾಕ್ಷಿಯ ಮೇಲೆ ನನಗೇ ಪೂರ್ತಿ ಭರವಸೆಯಿಲ್ಲ. ನಮ್ಮ ತಂದೆ ಬದುಕಿರುವವರೆಗೂ ಇದರಲ್ಲಿ ಅರ್ಧ ನೀನೇ ಕಟ್ಟಿದ್ದು ಎನ್ನುತ್ತಿದ್ದರು. ಯಾವ ಅರ್ಧ ಎಂದು ಕೇಳಿದರೆ, ನಿಮ್ಮತ್ತೆ ಸರ್ಕಾರದ ಮನುಷ್ಯನಿಗೆ ಷರತ್ತು ಹಾಕಿದಳು ಅಂತೀಯಲ್ಲ, ಆ ಅರ್ಧ ಎನ್ನುತ್ತಿದ್ದರು.

ಮದರಾಸು ಸರ್ಕಾರದ ಕಾಲ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ನಮ್ಮ ಮಡಕಶಿರಾ ಅನಂತಪುರಕ್ಕೆ. ತಂದೆಯ ಅಕ್ಕ ರಾಯದುರ್ಗಕ್ಕೆ ಮದುವೆಯಾಗಿ ಹೋದವಳು. ಅವಳ ಮನೆ ತಾಲ್ಲೂಕು ಕಚೇರಿಗೆ ಹೋಗುವ ಬೀದಿಯಲ್ಲಿತ್ತು. ಕೆಳಗೆ ವಾಸ, ಮೇಲೆ ಒಂದು ದೊಡ್ಡ ಕೋಣೆ, ಅದಕ್ಕೊಂದು ಚಿಕ್ಕ ಕೋಣೆ ಅಂಟಿಕೊಂಡಿತ್ತು. ಮೇಲಕ್ಕೆ ಹತ್ತಲು ಮನೆಯೊಳಗೆ ಬರಬೇಕಾಗಿರಲಿಲ್ಲ. ಬೀದಿಯಿಂದಲೇ ಎರಡು ಗೋಡೆಗಳ ನಡುವೆ ಕಲ್ಲಿನ ಮೆಟ್ಟಿಲು ಹೊರಟು, ಅರ್ಧದಲ್ಲಿ ಒಮ್ಮೆ ತಿರುಗಿ ಮೇಲೆ ಸೇರುತ್ತಿತ್ತು. ಮಾವ ಅದನ್ನು ಕಟ್ಟಿಸಿದಾಗ ಆ ಬೀದಿಯಲ್ಲಿ ಮಾಳಿಗೆ ಕೋಣೆಗಳಿಗೆ ಎಲ್ಲಿಲ್ಲದ ಬೇಡಿಕೆ. ಹತ್ತಿ ಕೊಳ್ಳುವ ದಲಾಲರು ಬಳ್ಳಾರಿಯಿಂದ ಬಂದು ಗುಮಾಸ್ತರನ್ನು ಕೂರಿಸುತ್ತಿದ್ದರು. ವಕೀಲರಿಗಂತೂ ಮಾಳಿಗೆಯೇ ಬೇಕು, ಕಕ್ಷಿಗಾರ ನಾಲ್ಕು ಮೆಟ್ಟಿಲು ಹತ್ತಿ ಬಂದರೆ ವಕೀಲರ ಮೇಲೆ ಗೌರವ ಹೆಚ್ಚಂತೆ.

ನಾನು ಬಿ.ಎ. ಮುಗಿಸಿ, ಹಿಡಿದ ಎರಡು ಕೆಲಸಗಳನ್ನೂ ಬಿಟ್ಟು ಮಡಕಶಿರಾದಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದ ಹೊತ್ತಿಗೆ ಆ ಕಾಲ ಮುಗಿದಿತ್ತು. ಹತ್ತಿಯ ಧಾರಣೆ ಬಿದ್ದು ದಲಾಲರು ಗಂಟು ಕಟ್ಟಿದ್ದರು. ವಕೀಲರು ಇಬ್ಬಿಬ್ಬರು ಸೇರಿ ಒಂದು ಕೋಣೆ ಹಿಡಿಯುವ ಹೊಸ ರೂಢಿ ಶುರುವಾಗಿತ್ತು. ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಎರಡೂ ಕಡೆ ಮುಚ್ಚಿದ ಕಿಟಕಿಗಳು. ಒಬ್ಬರು ತಮ್ಮ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿದ್ದರು. ಇನ್ನೊಬ್ಬರದರಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಆದರೂ ‘ಬಾಡಿಗೆಗೆ ಇದೆ’ ಎಂಬ ಹಲಗೆ ಎಲ್ಲಿಯೂ ಇರಲಿಲ್ಲ. ಹಲಗೆ ತೂಗುಹಾಕುವುದೆಂದರೆ ಮನೆತನ ಮುಳುಗಿತೆಂದು ಡಂಗುರ ಹೊಡೆಸಿದಂತೆ.

ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಹೋದ ಮೇಲೆ ಮಾಳಿಗೆಯ ಬಾಡಿಗೆಯೇ ಅವಳ ಅನ್ನ. ತಮ್ಮನಿಂದ ಒಂದು ಸೀರೆಯನ್ನು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುವವಳಲ್ಲ. ಮಾಳಿಗೆ ಖಾಲಿಯಾಗಿ ವರ್ಷವಾಗುತ್ತ ಬಂದಾಗ ತಂದೆ, ಒಬ್ಬಳೇ ಯಾಕೆ ಒದ್ದಾಡುತ್ತೀಯ, ಮಡಕಶಿರಾಕ್ಕೆ ಬಂದುಬಿಡು ಎಂದು ಹೇಳಿ ಕಳಿಸಿದರು. ನಮ್ಮ ಕಡೆ ಬಾಡಿಗೆ ಯುಗಾದಿಯಿಂದ ಯುಗಾದಿಗೆ. ಯುಗಾದಿಯೊಳಗೆ ಯಾರಾದರೂ ಬಂದರೆ ಸರಿ, ಇಲ್ಲದಿದ್ದರೆ ಮನೆ ಮಾರಿ ಬರುತ್ತೇನೆ ಎಂದು ಅವಳು ಒಪ್ಪಿದಳಂತೆ. ಅಲ್ಲಿಯವರೆಗೆ ಜೊತೆಗಿದ್ದು, ಆಮೇಲೆ ಕರೆದುಕೊಂಡು ಬರಲು ತಂದೆ ನನ್ನನ್ನು ಕಳಿಸಿದರು. ಹಿಂದೂಪುರದಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಬದಲಿಸಿ, ಬಳ್ಳಾರಿಯಲ್ಲಿ ಮತ್ತೆ ಬದಲಿಸಿ ಹೋಗಿ ಇಳಿದೆ.

ಅತ್ತೆ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನನ್ನ ಹೊತ್ತುಕೊಂಡು ಹೋಗಾಕ ಕಳಿಸ್ಯಾನೇನು ನಿಮ್ಮಪ್ಪ? ನೀ ನೋಡಿದ್ರ ತಲಿದಿಂಬು ಹೊರಾಕೂ ಸಾಲಂಗಿಲ್ಲ.”

ಅವಳು ಹುಟ್ಟಿದ್ದು ಮಡಕಶಿರಾದಲ್ಲೇ. ಆದರೆ ಮಾತು ಎಂದೋ ಆ ಕಡೆಯದಾಗಿ ಹೋಗಿತ್ತು. ತಮ್ಮನ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ, ನಮ್ಮಮ್ಮ ಸಾಧು. ಆದರೆ ಅಲ್ಲಿ ಒಲೆ ಇನ್ನೊಬ್ಬರದು. ಇಲ್ಲಿ ಬೆಳಿಗ್ಗೆ ಎದ್ದು ಕೋಟೆಯ ಬೆಟ್ಟವನ್ನು ನೋಡಿ, ಎದುರು ಮನೆಯ ನೇಕಾರರ ಹೆಂಡತಿಯೊಡನೆ ಒಂದು ಸುತ್ತು ಮಾತಾಡಿ, ತನ್ನ ಅಂಗಳಕ್ಕೆ ತಾನು ನೀರು ಚಿಮುಕಿಸುವುದರಲ್ಲಿ ಅವಳಿಗೊಂದು ಸುಖವಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ನಾನು ಆಮೇಲೆ ಊಹಿಸಿಕೊಂಡದ್ದಿರಬಹುದು.

ಬಂದ ಮರುದಿನವೇ ನನಗೊಂದು ಕೆಲಸ ಹಚ್ಚಿದಳು. ಬೀಗ ಬಿದ್ದ ಕೋಣೆಗೆ ಬಾಡಿಗೆಯವರು ಬರುವುದಿಲ್ಲ ಎಂಬುದು ಆ ಬೀದಿಯ ನಂಬಿಕೆ. ಬಾಗಿಲು ತೆರೆದಿರಬೇಕು, ಒಳಗೊಬ್ಬ ಮನುಷ್ಯ ಕೂತಿರಬೇಕು, ಸಂಜೆ ದೀಪ ಕಾಣಬೇಕು. ಹೀಗೆ ಕೂರಿಸಲೆಂದೇ ಕೆಲವರು ಬಡ ನೆಂಟರನ್ನು ಕರೆಸಿಕೊಳ್ಳುತ್ತಿದ್ದರು. ಅತ್ತೆಗೆ ಪದವೀಧರನೇ ಸಿಕ್ಕಿದ್ದ. ನಾನು ಮೇಲೆ ಒಂದು ಮೇಜು ಹಾಕಿಕೊಂಡು, ತಂದಿದ್ದ ಪುಸ್ತಕಗಳನ್ನು ಜೋಡಿಸಿ, ಖಾಲಿ ಕೋಣೆಗೂ ಬಾಡಿಗೆಗೂ ಕಾರ್ಯಕಾರಣ ಸಂಬಂಧ ಏನೆಂದು ಯೋಚಿಸುತ್ತ ಕೂತೆ. ಹೇಳಬೇಕೆಂದರೆ, ಎಷ್ಟೋ ತಿಂಗಳ ಮೇಲೆ ಒಂದು ಕಡೆ ನೆಮ್ಮದಿಯಾಗಿ ಕೂತದ್ದು ಅಲ್ಲೇ.

ಮೂರೋ ನಾಲ್ಕೋ ದಿನಕ್ಕೆ ಹಿರೇಹಾಳದ ಕಡೆಯ ರೈತರಿಬ್ಬರು ಮೇಲೆ ಬಂದು ಕೈಮುಗಿದರು. ಹೊಸ ವಕೀಲರು ಬಂದಿದ್ದಾರೆಂದು ಯಾರೋ ಹೇಳಿದ್ದರಂತೆ. ಅಲ್ಲವೆಂದೆ. ಅವರು ಕೇಳದೆ ದನ ಹೊಲಕ್ಕೆ ನುಗ್ಗಿದ ಕತೆಯನ್ನು ಪೂರ್ತಿ ಹೇಳಿ, ಸಮಾಧಾನವಾಗಿ ಇಳಿದುಹೋದರು. ಆದರೆ ಹೋಗುವಾಗ ಮೆಟ್ಟಿಲ ತಿರುವಿನಲ್ಲಿ ಒಬ್ಬ ಬಾಯಲ್ಲಿದ್ದ ಎಲೆಅಡಿಕೆಯನ್ನು ಮೂಲೆಗೆ ಉಗಿದ. ಕೆಳಗಿದ್ದ ಅತ್ತೆ ಹೇಗೆ ಕಂಡುಕೊಂಡಳೋ ಕಾಣೆ. ಅವನ ವಂಶವನ್ನೆಲ್ಲ ವಿಚಾರಿಸಿ, ಅವನಿಂದಲೇ ನೀರು ಹಾಕಿಸಿ ತೊಳೆಸಿ, ಆಮೇಲೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಮಾಳಿಗೆ ಯಾಕೆ ಖಾಲಿಯಿತ್ತೆಂಬುದು ನನಗೆ ಆಗ ತಿಳಿಯಿತು. ಹತ್ತಿಯ ಧಾರಣೆ ಅರ್ಧ ಕಾರಣ. ಇನ್ನರ್ಧ ಆ ತಿರುವಿನ ಮೂಲೆ. ಹಿಂದಿನ ವಕೀಲರು ಬಿಟ್ಟುಹೋದದ್ದು ಇದೇ ಜಗಳದಲ್ಲಿ, ಅವರ ಕಕ್ಷಿಗಾರರನ್ನು ಅತ್ತೆ ಮೆಟ್ಟಿಲಲ್ಲೇ ತಡೆದು ಬಾಯಿ ತೆರೆಸಿ ನೋಡುತ್ತಿದ್ದಳಂತೆ. ಊರಿನ ಯಾವ ಕಚೇರಿಗೆ ಹೋದರೂ ಮೆಟ್ಟಿಲ ಮೂಲೆ ಸೊಂಟದೆತ್ತರಕ್ಕೆ ಕೆಂಪಗಿರುತ್ತಿತ್ತು. ಜನ ಬಂದುಹೋಗುವುದಕ್ಕೆ ಅದೇ ಗುರುತು. ಅತ್ತೆ ಮಾತ್ರ ಆ ಮೂಲೆಗೆ ತಾನೇ ಸುಣ್ಣ ಬಳಿದು, ಮಾವ ಕಟ್ಟಿಸಿದ ಗೋಡೆ ಎಂದು ಕಾಯುತ್ತಿದ್ದಳು. ಸ್ವಲ್ಪ ಸಡಿಲ ಬಿಡಬಾರದೇ ಎಂದು ನಾನು ಹೇಳಿ ನೋಡಿದೆ. ಮನೆ ಉಳಿಸಿಕೊಳ್ಳಲು ಗೋಡೆ ಬಿಡು ಎನ್ನುತ್ತೀಯಲ್ಲ, ಇದನ್ನೇ ಕಲಿತು ಬಂದೆಯಾ ಎಂದು ಕೇಳಿದಳು.

ಯುಗಾದಿಗೆ ಇನ್ನು ಹತ್ತು ಹನ್ನೆರಡು ದಿನ ಇದ್ದಾಗ ಒಂದು ಸಣ್ಣ ಸರ್ಕಾರಿ ಕಚೇರಿಯ ಹೆಡ್ ಗುಮಾಸ್ತರು ಬಂದರು. ಅವರಿದ್ದ ಮನೆಯ ಮಾಲೀಕರಿಗೆ ಮಗನ ಮದುವೆಗೆ ಜಾಗ ಬೇಕಾಗಿತ್ತಂತೆ, ಕಚೇರಿಯನ್ನು ಬೇರೆಡೆಗೆ ಸಾಗಿಸಬೇಕು. ಅವರು ಗುತ್ತಿಯ ಕಡೆಯವರು, ಮನೆಮಾತು ತೆಲುಗು. ದಪ್ಪ ಶರೀರ, ಕೈಯಲ್ಲಿ ಬೆಳ್ಳಿಯ ಎಲೆಅಡಿಕೆ ಡಬ್ಬಿ. ಆ ಡಬ್ಬಿಯನ್ನು ಕಂಡವನೇ ನಾನು ಮೆಟ್ಟಿಲ ತಿರುವಿನ ಕಡೆ ನೋಡಿದೆ. ಕಿಟಕಿ ತೆರೆದು ಗಾಳಿ ನೋಡಿದರು, ಅಲ್ಮೇರಾ ಎಲ್ಲಿ ನಿಲ್ಲಿಸಬಹುದೆಂದು ಹೆಜ್ಜೆ ಹಾಕಿ ಅಳೆದರು. ಬಾಡಿಗೆಯ ಮಾತಿನಲ್ಲಿ ತಕರಾರೇ ಬರಲಿಲ್ಲ.

ನಮ್ಮಲ್ಲಿ ಬಾಡಿಗೆಯ ಮಾತು ಕಾಗದಕ್ಕೆ ಬರುವುದು ಆಮೇಲೆ. ಮೊದಲು ವೀಳ್ಯ. ಮನೆಯವರು ತಟ್ಟೆ ಹಿಡಿಯಬೇಕು, ಬರುವವರು ಎಲೆ ತೆಗೆದುಕೊಂಡು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಮಾತು ನಿಂತಿತು. ಮಡಿಚಿ ಜೇಬಿಗೆ ಸೇರಿಸಿದರೆ ಇನ್ನೂ ಮನಸ್ಸು ಮಾಡಿಲ್ಲವೆಂದು ಅರ್ಥ, ಅವರು ಮತ್ತೆ ಬರುವುದು ಅಪರೂಪ. ಅತ್ತೆ ತಟ್ಟೆ ತಂದಳು. ಅವರು ಕೈ ನೀಡಿದಾಗ ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. ತಂದೆ ನಂಬದಿದ್ದ ಅರ್ಧ ಇಲ್ಲಿಂದ ಶುರು.

“ಒಂದು ಮಾತು ಐತ್ರಿ. ಮೆಟ್ಟಲ ಮ್ಯಾಲ ಉಗುಳಾಂಗಿಲ್ಲ. ನೀವೂ ಅಷ್ಟ, ನಿಮ್ಮ ಕಡೆ ಬರೋರೂ ಅಷ್ಟ.”

ಅವರು ನಕ್ಕರು. “ಅಮ್ಮಾ, ಕರಾರು ಇಂಗ್ಲಿಷ್‌ನಲ್ಲಿ ಬರೀಬೇಕು. ಇದನ್ನ ಅದರಲ್ಲಿ ಎಲ್ಲಿ ಸೇರಿಸಲಿ?”

“ಕಾಗದದಾಗ ಬ್ಯಾಡ್ರಿ. ನಿಮ್ಮ ಬಾಯಾಗ ಬಂದ್ರ ಸಾಕು.”

ಹಳ್ಳಿಯ ಜನ ಬರುವ ಜಾಗ, ಎಷ್ಟು ಜನರ ಬಾಯಿ ಹಿಡಿಯಲಿ ಎಂದರು. ಈ ಬೀದಿಯಲ್ಲಿ ಖಾಲಿ ಮಾಳಿಗೆಗಳಿಗೇನು ಬರವಿಲ್ಲ ಎಂದೂ ಮೆತ್ತಗೆ ನೆನಪಿಸಿದರು. ಅದು ನಿಜವೇ ಆಗಿತ್ತು. ನಾನು ಅತ್ತೆಯ ಹಿಂದೆ ನಿಂತು ನಮ್ಮೂರ ಮಾತಿನಲ್ಲಿ ಪಿಸುಗುಟ್ಟಿದೆ: “ಬಿಡತ್ತೆ, ಆಮ್ಯಾಕೆ ನೋಡ್ಕಳಾನ.”

“ನೀ ಸುಮ್ನ ನಿಂದ್ರು,” ಎಂದಳು, ತಿರುಗಿ ನೋಡದೆ. ತಟ್ಟೆಯನ್ನು ಮತ್ತೆ ಮುಂದಕ್ಕೆ ಹಿಡಿದಳು.

ಅವರು ಎಲೆ ತೆಗೆದುಕೊಂಡರು. ಮಡಿಚಿದರು. ಒಂದು ಕ್ಷಣ ಕೈ ಎದೆಯ ಜೇಬಿನವರೆಗೆ ಬಂತು. ಆಮೇಲೆ ಡಬ್ಬಿ ತೆರೆದು, ಎಲೆ ಬಿಡಿಸಿ ಸುಣ್ಣ ಸವರಿ, ಅಡಿಕೆ ಹೊಗೆಸೊಪ್ಪು ಸೇರಿಸಿ ಬಾಯಿಗೆ ಹಾಕಿಕೊಂಡರು. ಅಲ್ಲಿಗೆ ವೀಳ್ಯ ಮುಗಿಯಿತು. ಆದರೆ ಷರತ್ತಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಾಯಿ ತುಂಬಿತ್ತು.

ಅಗಿಯುತ್ತ ಇನ್ನೊಮ್ಮೆ ಕೋಣೆಯೆಲ್ಲ ಸುತ್ತಿದರು. ಕೆನ್ನೆ ಉಬ್ಬಿತು. ಮೆಟ್ಟಿಲು ಇಳಿಯತೊಡಗಿದರು. ಹಿಂದೆ ನಾನು, ನನ್ನ ಹಿಂದೆ ತಟ್ಟೆ ಹಿಡಿದೇ ಅತ್ತೆ. ಅವರು ಉಗಿದಿದ್ದರೆ ಅತ್ತೆ ಆ ಮಾತನ್ನು ಅಲ್ಲಿಯೇ ಮುರಿಯುತ್ತಿದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ. ಮುರಿದು, ಯುಗಾದಿಯ ಮರುದಿನ ನನ್ನ ಜೊತೆ ರೈಲು ಹತ್ತುತ್ತಿದ್ದಳು. ತಿರುವಿಗೆ ಬಂದು ಅವರು ನಿಂತರು. ಬಿಳಿ ಮೂಲೆ ಎದುರಿಗೇ ಇತ್ತು. ಕತ್ತು ಆ ಕಡೆ ಹೊರಳಿತು, ಎಷ್ಟೋ ವರ್ಷಗಳ ಅಭ್ಯಾಸ. ಆಮೇಲೆ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಆ ಶರೀರಕ್ಕೆ ಸಾಧ್ಯವೆಂದು ನಾನು ತಿಳಿದಿರದ ವೇಗದಲ್ಲಿ ಉಳಿದ ಮೆಟ್ಟಿಲುಗಳನ್ನು ಇಳಿದು, ಬೀದಿ ದಾಟಿ, ಆಚೆಯ ಚರಂಡಿಗೆ ಉಗಿದರು. ನೇಕಾರರ ಹೆಂಡತಿ ಒಳಗೆ ಓಡಿದಳು, ಇವರಿಗೇನೋ ಆಗಿದೆ ಎಂದು ನೀರು ತರಲು.

ಬಾಯಿ ಒರೆಸಿಕೊಂಡು ಅವರು ಮೇಲೆ ನೋಡಿದರು. “ಸರಿನಾ ಅಮ್ಮಾ?”

“ಸಾಮಾನು ಯಾವಾಗ ತರಸ್ತೀರಿ?” ಎಂದಳು ಅತ್ತೆ.

ಯುಗಾದಿಗೆ ತಂದೆ ತಾವೇ ಬಂದರು, ಸಾಮಾನು ಕಟ್ಟಲು ಹಗ್ಗವನ್ನೂ ತಂದಿದ್ದರು. ಬೇವುಬೆಲ್ಲ ತಿಂದು, ಹೋಳಿಗೆ ಉಂಡು, ಮೇಲಿನ ಕಚೇರಿಯ ಅಲ್ಮೇರಾಗಳನ್ನು ನೋಡಿ ಬಂದು, ಅಕ್ಕನ ಹತ್ತಿರ ಕೂತು ಊರಿನ ಸುದ್ದಿ ಹೇಳಿದರು. ಹೋಗುವಾಗ ಹಗ್ಗವನ್ನು ಬಾವಿಗೆಂದು ಅಲ್ಲೇ ಬಿಟ್ಟರು. ನಾನು ಮಾತ್ರ ಇನ್ನೂ ಒಂದು ತಿಂಗಳು ಅಲ್ಲೇ ಇದ್ದೆ, ಯಾವ ಕಾರಣವೂ ಇಲ್ಲದೆ. ಅತ್ತೆ ಅದೇ ಮನೆಯಲ್ಲಿ ಅನೇಕ ವರ್ಷ ಬಾಳಿ ಅಲ್ಲೇ ಕಣ್ಣು ಮುಚ್ಚಿದಳು.

ಆದರೆ ತಂದೆಯ ಮಾತು ನನ್ನನ್ನು ಬಿಡಲಿಲ್ಲ. ಒಪ್ಪಂದ ಮುರಿಯುವ ಅಂಚಿನಲ್ಲಿ ನಿಂತು ಒಬ್ಬ ಒಂಟಿ ಹೆಂಗಸು ಹಾಗೆ ತಟ್ಟೆ ಹಿಂದಕ್ಕೆ ಎಳೆದುಕೊಂಡಳೇ? ಅಥವಾ, ಎಳೆದುಕೊಂಡಿದ್ದರೆ ಚೆನ್ನಾಗಿತ್ತು ಎಂಬ ನನ್ನ ಆಸೆ ಮೆಲ್ಲಗೆ ನೆನಪಾಗಿ ಕೂತಿತೇ? ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಬಳ್ಳಾರಿಗೆ ಹೋದವನು ರಾಯದುರ್ಗದ ರೈಲು ಹತ್ತಿಬಿಟ್ಟೆ. ಅತ್ತೆ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮನೆ ಮಾವನ ಕಡೆಯವರ ಕೈಯಲ್ಲಿತ್ತು, ಕೆಳಗೆ ನೂಲಿನ ಅಂಗಡಿ. ಮೇಲೆ ಅದೇ ಕಚೇರಿ. ಹೆಡ್ ಗುಮಾಸ್ತರು ನಿವೃತ್ತರಾಗಿ ಗುತ್ತಿಗೆ ಹೋಗಿದ್ದರಂತೆ, ಅಲ್ಲಿದ್ದವರಿಗೆ ಅವರ ಹೆಸರು ಮಾತ್ರ ಗೊತ್ತಿತ್ತು. ನಾನು ತಿರುವಿಗೆ ಹೋಗಿ ನಿಂತೆ. ಮೇಲಿಂದ ಇಳಿದು ಬಂದ ಜವಾನ ನನ್ನನ್ನು ಅನುಮಾನದಿಂದ ನೋಡಿ, ನಾನು ಕೇಳುವ ಮೊದಲೇ ಹೇಳಿದ:

“ಇಲ್ಲಿ ಉಗುಳಬಾರದ್ರಿ. ಯಾಕ ಅಂತ ಕೇಳಬ್ಯಾಡ್ರಿ, ಮೊದಲಿಂದ ಹಂಗ ಐತಿ.”

ಬಾಯಲ್ಲಿ ಏನೂ ಇಲ್ಲವೆಂದು ತೋರಿಸಿದೆ. ಅವನು ಹೋದ ಮೇಲೆ ಮೂಲೆಗೆ ಬೆರಳು ತಾಗಿಸಿ ನೋಡಿದೆ. ಗೋಡೆ ಬೆಳ್ಳಗಿತ್ತು, ಬೆರಳಿಗೆ ಸುಣ್ಣ ಹತ್ತಿತು.