ಸಕ್ಕರೆ ಇಟ್ಟು ಕೊಟ್ಟ ಮಾತು

ನಮ್ಮ ಅತ್ತಿ ಗಂಗವ್ವ ಪಡಸಾಲೆಗೆ ಬರುತ್ತಿರಲಿಲ್ಲ. ಅವರ ದನಿ ಬರುತ್ತಿತ್ತು. ಗಂಡಸರು ಕೂತಲ್ಲಿ ಹೆಂಗಸರು ಕಾಲಿಡಬಾರದು ಅನ್ನುವುದು ರಾಯಬಾಗದ ಆ ಮನೆಯ ರೀತಿ. ಅತ್ತಿ ಅದನ್ನು ಒಂದು ದಿನವೂ ಮುರಿದವರಲ್ಲ. ಹೊಸ್ತಿಲಿನ ಈಚೆ, ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಅಲ್ಲಿಂದಲೇ ಇಡೀ ಪಡಸಾಲೆ ಆಳುತ್ತಿದ್ದರು. ಬಂದವರಿಗೆ ಮಾವನವರು ಮೂರನೇ ಸಲ ಚಹಾ ಹೇಳಿದರೆ "ಹಾಲ ತೀರ್ಯಾವು" ಅಂತ ಒಳಗಿಂದ ದನಿ. ಒಲೆ ಮೇಲೆ ಪಾತೇಲಿ ತುಂಬ ಹಾಲು ಉಕ್ಕುತ್ತಿರುತ್ತಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರೆ, "ಹಲ್ಲ ಕಿಸೀಬ್ಯಾಡ, ಹೆಪ್ಪ ಹಾಕೂದೈತಿ" ಎಂದು ನನ್ನನ್ನೇ ಗದರುತ್ತಿದ್ದರು.

ಆ ದನಿಯನ್ನು ನಾನು ಮೊದಲು ಕೇಳಿದ್ದು ಅಥಣಿಯ ನಮ್ಮ ತವರಿನಲ್ಲಿ, ನನ್ನ ಸಾಕರಪುಡಾದ, ಅಂದರೆ ಮದುವೆ ನಿಶ್ಚಯದ ದಿನ. ಎಂಬತ್ತರ ದಶಕದ ನಡುವಿನ ಮಾತು. ಹುಡುಗ ಹುಡುಗಿಯ ಬಾಯಿಗೆ ಹಿರಿಯರು ಸಕ್ಕರೆ ಇಟ್ಟರೆ ಮಾತು ಗಟ್ಟಿಯಾದಂತೆ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ನಾನಾಗ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನಮ್ಮಪ್ಪ ದ್ರಾಕ್ಷಿ ತೋಟದ ಗಟ್ಟಿ ಕುಳವಾದರೂ ಅವತ್ತು ಹೆಣ್ಣು ಹೆತ್ತವನು. ಹುಡುಗಿಯ ಓದು ಅರ್ಧಕ್ಕಿದೆ ಎಂದು ಅಂಜುತ್ತ ಅಂಜುತ್ತ ಹೇಳಿದ. ಮಾವನವರು "ನೋಡೂಣ, ನೋಡೂಣ" ಎಂದು ಮೀಸೆ ನೀವಿಕೊಂಡರು. ಅಷ್ಟರಲ್ಲಿ ನಮ್ಮ ಅಡುಗೆಮನೆಯ ಬಾಗಿಲಿಂದ, ನಮ್ಮವ್ವನ ಪಕ್ಕದಲ್ಲಿ ನಿಂತಿದ್ದ ಬೀಗತಿಯ ದನಿ ಬಂತು:

"ಹುಡಗೀನ್ನ ಓದಸ್ತೀವಿ. ಸಕ್ಕರಿ ಇಡ್ರಿ."

ಎರಡೂ ಕಡೆಗೆ ಬೇಕಾದ ಹಿರಿಯರು ಅಪ್ಪಾಸಾಬ ಕಾಕಾ. ಅವರು ತಡಮಾಡದೆ ಸಕ್ಕರೆ ಇಟ್ಟೇಬಿಟ್ಟರು.

ಮದುವೆಯಾದ ಮೇಲೆ ರಾಯಬಾಗದಿಂದ ಚಿಕ್ಕೋಡಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಟ. ಸೊಸೆ ಊರ ಶಾಲೆಯಲ್ಲಿ ಸೈನ್ಸ್ ಟೀಚರ್ ಆಗುತ್ತಾಳೆ, ಮನೆಯ ಮರ್ಯಾದೆಗೂ ಕುಂದಿಲ್ಲ, ಮಧ್ಯಾಹ್ನದ ರೊಟ್ಟಿಗೂ ತೊಂದರೆಯಿಲ್ಲ ಅನ್ನುವುದು ಮಾವನವರ ಲೆಕ್ಕಾಚಾರ. ನನಗೂ ಅದರಲ್ಲಿ ತಕರಾರಿರಲಿಲ್ಲ. ಎರಡನೇ ವರ್ಷ ಒಂದು ದಿನ ಪ್ರಯೋಗಶಾಲೆಗೆ ಬೀಗ ಬಿದ್ದಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲಿಗೆ ಬೇಸತ್ತು, ಬಿ.ಎ.ದವರ ತರ್ಕಶಾಸ್ತ್ರದ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಆ ಸರ್ ತಮ್ಮ ಕುರ್ಚಿಯನ್ನು ಬಡಿದು, ಈ ಕುರ್ಚಿ ಇದೆ ಅಂತ ನೀವು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಮೊದಲು ನಗು ಬಂತು. ಬಸ್ಸು ಹತ್ತುವಷ್ಟರಲ್ಲಿ ನಗು ಹೋಗಿ ತಲೆ ಕೆಟ್ಟಿತ್ತು. ಇಷ್ಟು ದಿನ ಪರೀಕ್ಷೆಗೆಂದು ಓದಿದ್ದೆ; ನನಗೇ ಬೇಕೆಂದು ಯಾವ ಪ್ರಶ್ನೆಯೂ ಹೀಗೆ ಬೆನ್ನು ಹತ್ತಿರಲಿಲ್ಲ.

ಮರುದಿನ ರೊಟ್ಟಿ ಬಡಿಯುತ್ತ ಅತ್ತಿಗೆ ಆ ಕುರ್ಚಿಯ ಪ್ರಶ್ನೆಯನ್ನೇ ಹಾಕಿದೆ. ಅವರು ತಲೆ ಎತ್ತದೆ ಅಂದರು: "ಕುಂತ ನೋಡ. ಗೊತ್ತಾಗತೈತಿ."

ಆ ವರ್ಷದ ಕೊನೆಗೆ ನಿಶ್ಚಯ ಮಾಡಿದೆ: ವಿಜ್ಞಾನ ಬಿಟ್ಟು, ಮತ್ತೆ ಮೊದಲ ವರ್ಷದಿಂದ ಬಿ.ಎ., ಅದರಲ್ಲಿ ತತ್ವಶಾಸ್ತ್ರ. ಗಂಡನಿಗೆ ಹೇಳಿದರೆ "ಅಪ್ಪನ್ನ ಕೇಳ" ಅಂದ. ಹಸಿವಾಗಿದೆಯೇ ಎಂದು ಕೇಳಿದರೂ ಅದೇ ಉತ್ತರ ಕೊಡುವ ಪ್ರಾಣಿ ಅದು. ಮಾವನವರು ಕೆಂಡವಾದರು. ಎರಡು ವರ್ಷ ಹೊಳೆಗೆ ಚೆಲ್ಲಿದಂತಾಯಿತಲ್ಲ, ತತ್ವ ಕೇಳಬೇಕಿದ್ದರೆ ಮಠಕ್ಕೆ ಹೋಗಲಿ, ಅದಕ್ಕೆ ಕಾಲೇಜು ಯಾಕೆ ಎಂದು ಕೂಗಾಡಿದರು. ಬಿ.ಎಸ್ಸಿ. ಓದಿದರೆ ಓದಲಿ, ಇಲ್ಲದಿದ್ದರೆ ಇನ್ನು ಚಿಕ್ಕೋಡಿ ಬಸ್ಸು ಬಂದ್ ಅಂತ ಹೇಳಿ, ನಮ್ಮಪ್ಪನನ್ನೂ ಅಪ್ಪಾಸಾಬ ಕಾಕಾನನ್ನೂ ಕರೆಸಿದರು.

ಪಡಸಾಲೆಯಲ್ಲಿ ನಮ್ಮಪ್ಪ ತಲೆ ತಗ್ಗಿಸಿ, ಮಗಳದು ತಪ್ಪಾಯಿತು, ಬುದ್ಧಿ ಹೇಳುತ್ತೇನೆ ಎನ್ನುತ್ತಿದ್ದ. ಹೆತ್ತಪ್ಪನೇ ಹೀಗಂದರೆ ನನ್ನ ಕಥೆ ಮುಗಿದ ಹಾಗೆಯೇ ಎಂದುಕೊಂಡು ನಾನು ಅತ್ತಿಯ ಹಿಂದೆ ನಿಂತಿದ್ದೆ. ಅತ್ತಿ ಚೌಕಟ್ಟಿಗೆ ಕೈಕೊಟ್ಟರು.

"ಅಪ್ಪಾಸಾಬಣ್ಣಾರ, ಅವತ್ತ ಸಕ್ಕರಿ ಇಡೂಮುಂದ ನಾ ಏನಂದಿದ್ದೆ?"

"ಹುಡಗೀನ್ನ ಓದಸ್ತೀವಿ ಅಂದಿದ್ದಿ, ತಂಗಿ."

"ಏನ ಓದಸ್ತೀವಿ ಅಂದಿದ್ದೆ?"

"ಅದೇನೂ ಅಂದಿದ್ದಿಲ್ಲ."

"ಹಂಗಾರ ಬಿ.ಎಸ್ಸಿ. ಅನ್ನೂದನ್ನ ಇವರ ಆಮ್ಯಾಲ ಕೂಡಿಸ್ಯಾರ. ಸಕ್ಕರಿ ತಿಂದ ಬಾಯಿ ಮಾತ ನುಂಗಬಾರದು."

ಗಂಡಸರ ಮಾತಿನ ನಡುವೆ ಹೆಂಗಸಿನ ಮಾತು ಲೆಕ್ಕಕ್ಕಿಲ್ಲ ಎಂದರು ಮಾವನವರು. ಅತ್ತಿ ನಮ್ಮಪ್ಪನ ಕಡೆ ತಿರುಗಿದರು.

"ಬೀಗರ, ನನ್ನ ಮಾತ ನಂಬಿ ಹುಡಗೀನ್ನ ಕೊಟ್ಟೀರಿ. ನನ್ನ ಮಾತ ಲೆಕ್ಕಕ್ಕಿಲ್ಲಂದ್ರ ಆ ಸಕ್ಕರೀನೂ ಲೆಕ್ಕಕ್ಕಿಲ್ಲ. ನಿಮ್ಮ ಮಗಳನ್ನ ಈಗಿಂದೀಗ ಕರಕೊಂಡ ನಡೀರಿ."

ಮಾವನವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಕಬ್ಬಿನ ಹೊಲಕ್ಕೆ ನಡೆದರು. ಅದೇ ಒಪ್ಪಿಗೆ. ಆದರೆ ಆ ಕಬ್ಬಿನ ಹಂಗಾಮು ಮುಗಿಯುವವರೆಗೂ ಅವರು ಅತ್ತಿಯೊಡನೆ ಮಾತು ಬಿಟ್ಟರು, ಅತ್ತಿ ಬಡಿಸಿದರೆ ಗಂಗಾಳ ಸರಿಸುತ್ತಿದ್ದರು. ನಾನು ಅಳುಮುಖ ಮಾಡಿ, ನನ್ನಿಂದಲ್ಲವೇ ಇದೆಲ್ಲ ಎಂದರೆ ಅತ್ತಿಗೆ ಸಿಟ್ಟು ಬಂತು. "ನಿನ್ನ ಸಲವಾಗಿ ಮಾಡೀನಂತ ತಿಳಕೊಂಡೀಯೇನ? ನನ್ನ ಮಾತದು. ನೀ ಓದಕೊ, ಹೋಗ." ನನ್ನ ತತ್ವಶಾಸ್ತ್ರದ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಎಂ.ಎ. ಮುಗಿದು ವರ್ಷಗಳಾದರೂ ಕೆಲಸ ಸಿಗದಿದ್ದಾಗ ಓಣಿಯವರು ಚುಚ್ಚಿದರೆ, "ಓದಸ್ತೀವಿ ಅಂದಿದ್ವಿ, ನೌಕರಿ ಕೊಡಸ್ತೀವಿ ಅಂದಿದ್ದಿಲ್ಲ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಕಡೆಗೆ ಚಿಕ್ಕೋಡಿಯಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ಮಾವನವರು ಅದನ್ನು ತಾವೇ ಯೋಚಿಸಿ ಮಾಡಿದ್ದೆಂಬಂತೆ ಊರಿಗೆಲ್ಲ ಹೇಳಿಕೊಂಡು ಬಂದರು.

ತೊಂಬತ್ತರ ದಶಕದ ಕೊನೆಗೆ ನಮ್ಮ ಭಾವನ ಮಗಳು ಸವಿತಾಳ ಸಾಕರಪುಡಾ ನಮ್ಮ ಮನೆಯಲ್ಲೇ ನಡೆಯಿತು. ಅವಳಿಗೂ ಕಾಲೇಜು ಮುಗಿದಿರಲಿಲ್ಲ. ಅತ್ತಿ ಆಗಲೇ ಹಾಸಿಗೆ ಹಿಡಿದಿದ್ದರು, ದನಿ ಕುಸಿದಿತ್ತು. ಪಡಸಾಲೆಯಿಂದ ಕಾಗವಾಡದ ಬೀಗರ "ನೋಡೂಣ" ಕೇಳಿಸಿದ್ದೇ ನನ್ನ ಕೈ ಹಿಡಿದರು.

"ನನ್ನ ದನಿ ಅಲ್ಲೀತನಕ ಮುಟ್ಟೂದಿಲ್ಲ. ನೀ ಹೋಗ."

ನಾನು ಎದ್ದೆ.

"ಹೊಸ್ತಿಲದಾಗ ನಿಂದರಬ್ಯಾಡ ಮತ್ತ. ನಾ ಜಲ್ಮೆಲ್ಲಾ ನಿಂತೀನಿ. ಹೋಗಿ ಕುಂದರ."

ಹೊಸ್ತಿಲು ದಾಟಿದೆ. ಮಾವನವರ ಪಕ್ಕದ ಕುರ್ಚಿ ಖಾಲಿ ಇತ್ತು, ಹೋಗಿ ಕೂತೆ. ಬೀಗರು ಬಾಯಿ ತೆರೆದುಕೊಂಡು ನೋಡಿದರು. "ಓದಸ್ತೀವಿ ಅಂದ್ರ ಸಾಲೂದಿಲ್ರಿ," ಅಂದೆ. "ಆಕಿ ಏನ ಓದತೀನಂತಾಳೊ ಅದನ್ನ ಓದಸ್ತೀವಿ ಅನ್ರಿ. ಆಮ್ಯಾಲ ಸಕ್ಕರಿ." ಅವರು ಯಾರಾದರೂ ಗಂಡಸು ಮಾತಾಡಲಿ ಎಂದು ಮಾವನವರ ಮುಖ ನೋಡಿದರು. ಮಾವನವರು ನೆಲ ನೋಡುತ್ತ, "ಹೇಳ್ಯಾಳಲ್ಲ. ಅನ್ರಿ" ಅಂದರು.

ಸಕ್ಕರೆ ಇಟ್ಟದ್ದಾಯಿತು. ಒಂದು ಚಿಟಿಕೆ ತಂದು ಅತ್ತಿಯ ಬಾಯಿಗೂ ಇಟ್ಟೆ. ಸವಿತಾಳ ಮದುವೆ ನೋಡಲು ಅವರು ಉಳಿಯಲಿಲ್ಲ. ಅವರು ನನ್ನ ಜೊತೆ ನೆಟ್ಟಗೆ ಮಾತಾಡಿದ್ದು ಅವತ್ತೇ ಕೊನೆ. ಸಕ್ಕರೆ ಚಪ್ಪರಿಸುತ್ತ ಕೇಳಿದರು:

"ಕುಂತಿದ್ದೇನ?"

"ಕುಂತಿದ್ದೆರಿ, ಅತ್ತಿ."

"ಕುರ್ಚಿ ಇತ್ತೊ ಇಲ್ಲೊ?"