ಬರಿಗೈಯ ನಡಿಗೆ

ಅಕ್ಕನಿಗೆ ಎದೆನೋವು ಮೊದಲು ಕಾಣಿಸಿಕೊಂಡಿದ್ದು ನಾಟಿಯ ದಿನ, ಗದ್ದೆಯ ಬದುವಿನ ಮೇಲೆ. ಹೊಟ್ಟೆಯ ಉಬ್ಬರ ಇರಬೇಕು ಅಂದುಕೊಂಡು ಜೀರಿಗೆ ಅಗಿದು ಮತ್ತೆ ಕೆಸರಿಗೆ ಇಳಿದಳಂತೆ. ಇದನ್ನು ನಾನು ಕಂಡಿಲ್ಲ, ಅವಳೇ ಹೇಳಿದ್ದು. ಕಂಡಿದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಇಟ್ಟು ಬರೆಯಬೇಕು ಅನ್ನಿಸುತ್ತಿದೆ. ನಮ್ಮ ನೆಂಟರಲ್ಲಿ ಈಗ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಡಾಕ್ಟರು ಹೇಳಿದ್ದನ್ನು ಅವಳು ಪಾಲಿಸಲಿಲ್ಲ ಎಂದು ಹೇಳುವವರೂ ಇದ್ದಾರೆ. ಅದು ನಿಜವಲ್ಲ. ನಾನು ಕಂಡವರಲ್ಲಿ ಅಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಅಕ್ಕನನ್ನು ಕೊಟ್ಟಿರುವ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ಪಕ್ಕದಲ್ಲಿದೆ. ನಾನು ಮಳವಳ್ಳಿಯಲ್ಲಿ ಶಾಲೆಯ ಟೀಚರು, ಇರುವುದು ಅಲ್ಲೇ ಬಾಡಿಗೆ ಮನೆಯಲ್ಲಿ. ಭಾವ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುತ್ತಾರೆ. ಅಕ್ಕನ ಮಗಳನ್ನು ದೂರಕ್ಕೆ ಮದುವೆ ಮಾಡಿ ಕೊಟ್ಟಾಗಿದೆ. ಮನೆಯಲ್ಲಿ ಆಗ ಇದ್ದಿದ್ದು ಅಕ್ಕ, ಭಾವ, ಭಾವನ ತಾಯಿ, ಒಂದು ಸೀಮೆ ಹಸು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಂಪ್ಯೂಟರಿನಲ್ಲಿ ಹೃದಯದ ರಕ್ತನಾಳಗಳನ್ನು ತೋರಿಸಿದಾಗ ನಾನು ಪಕ್ಕದಲ್ಲಿದ್ದೆ. ಮೂರು ಕಡೆ ಕಟ್ಟಿಕೊಂಡಿತ್ತು. ಬೈಪಾಸ್ ಆಪರೇಷನ್ನೇ ಆಗಬೇಕು, ಆದರೆ ಈಗಲೇ ಮಾಡುವ ಹಾಗಿಲ್ಲ ಅಂದರು. ಷುಗರ್ ಹೆಚ್ಚಿದೆ, ತೂಕ ಹೆಚ್ಚಿದೆ, ಗಾಯ ಮಾಯುವುದಿಲ್ಲ. ಎರಡು ತಿಂಗಳು ಸಮಯ ಕೊಟ್ಟರು.

"ಹೊಗೆಸೊಪ್ಪು ಇವತ್ತಿಂದಲೇ ನಿಲ್ಲಬೇಕಮ್ಮ. ಉಪ್ಪು ಕಮ್ಮಿ, ಅನ್ನ ಕಮ್ಮಿ. ದಿನಾ ಬೆಳಿಗ್ಗೆ ನಿಧಾನಕ್ಕೆ ನಡೀಬೇಕು. ಎದೆ ಹಿಡ್ಕೊಂಡ್ರೆ ಅಲ್ಲೇ ನಿಂತ್ಬಿಡಿ."

"ನಡಿಯೋದೇ ಅಲ್ವಾ ಸಾ ನಮ್ ಕೆಲ್ಸ. ಬೆಳಗಿಂದ ಬೈಗಿನ ಗಂಟ ನಡೀತಾನೇ ಇರ್ತೀನಿ."

"ಅದು ಕೆಲಸ. ನಾನು ಹೇಳ್ತಿರೋದು ಬರಿಗೈಲಿ ನಡಿಯೋದು."

ಬಸ್ಸಿನಲ್ಲಿ ಅಕ್ಕ ಇದನ್ನೇ ಎರಡು ಸಲ ಹೇಳಿ ನಕ್ಕಳು. "ಬರಿಗೈಲಿ ನಡಿಯೋದಂತೆ ಕಣೆ. ಮದ್ವೆ ಆದಾಗ್ನಿಂದ ಬರಿಗೈಲಿ ಎಲ್ಲಿಗಾರ ಓಗಿವ್ನಾ ನಾನು?"

ಹೊಗೆಸೊಪ್ಪು ಬಿಡುವುದೇ ಕಷ್ಟವಾಗುತ್ತದೆ ಎಂದು ನಾನು ಎಣಿಸಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯ ಹೆಂಗಸರು ಜಗಲಿಗೆ ಬಂದು ಕೂರುತ್ತಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಕೈಯಿಂದ ಕೈಗೆ ಹೋಗುತ್ತದೆ. ಕೊಟ್ಟಿದ್ದನ್ನು ಬೇಡ ಅಂದರೆ ಮನಸ್ತಾಪ. ಅಕ್ಕ ಒಂದು ಲವಂಗ ಬಾಯಿಗೆ ಹಾಕಿಕೊಂಡು ಅದೇ ಜಗಲಿಯಲ್ಲಿ ಅವರ ನಡುವೆಯೇ ಕೂತಳು. ಎಲೆಗೆ ಸುಣ್ಣ ಹಚ್ಚಿ ಎಲ್ಲರಿಗೂ ಕೊಟ್ಟಳು, ತಾನು ಮಾತ್ರ ಮುಟ್ಟಲಿಲ್ಲ. ಮೊದಲ ವಾರ ಒಂದರ ಹಿಂದೆ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಊಟದ ವಿಷಯದಲ್ಲಿ ಅವಳ ಅತ್ತೆ ಜೊತೆಗೆ ನಿಂತರು. ಎಪ್ಪತ್ತು ದಾಟಿದ, ಮಾತು ಒರಟಾದ ಹೆಂಗಸು. ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಡುತ್ತಿದ್ದರು. "ನಿಂದು ಸಪ್ಪೇದು ಅಲ್ಲೈತೆ ನೋಡು. ದನಾನೂ ಮೂಸಲ್ಲ ಅದ್ನ, ನೀ ಹೆಂಗ್ ಉಣ್ತೀಯೋ" ಅನ್ನುತ್ತಿದ್ದರು. ಮುದ್ದೆಯನ್ನು ನಿಂಬೆಹಣ್ಣಿನಷ್ಟು ಮಾಡಿ ಸೊಸೆಯ ತಟ್ಟೆಗೆ ಹಾಕುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಉಸಿರಿನ ಅಭ್ಯಾಸಕ್ಕೆಂದು ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ಕಿನ ಸಾಧನ ಕೊಟ್ಟಿದ್ದರು. ಕೊಳವೆಯಿಂದ ಗಾಳಿ ಎಳೆದುಕೊಂಡರೆ ಒಳಗಿರುವ ಮೂರು ಗುಂಡುಗಳು ಮೇಲೇಳುತ್ತವೆ. ಅಕ್ಕ ಅದನ್ನು ಹಿಡಿದು ಕೂತಿದ್ದಾಗ ಅತ್ತೆ ಅಂದರು, "ಹೊಗೆಸೊಪ್ಪು ಬುಡ್ಸಿ ಹುಕ್ಕಾ ಕೊಟ್ಟವ್ರಲ್ಲಮ್ಮಿ ಡಾಕ್ಟ್ರು!" ಅಕ್ಕನಿಗೆ ನಗು ಬಂದು ಗುಂಡುಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವು.

ಕಷ್ಟವಾಗಿದ್ದು ನಡಿಗೆ.

ನಮ್ಮ ಕಡೆ ದಾರಿಯಲ್ಲಿ ಎದುರಾದವರು ನಮಸ್ಕಾರ ಅನ್ನುವುದಿಲ್ಲ. ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಕೇಳುವುದರಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಅದಕ್ಕೆ ಒಂದು ಉತ್ತರ ಇರಬೇಕು. ಗದ್ದೆಗೆ, ಡೈರಿಗೆ, ಸೊಸೈಟಿಗೆ, ಮಗಳ ಊರಿಗೆ. ಗಂಡಸಾದರೆ ಸುಮ್ಮನೆ ಹಿಂಗೇ ಎಂದು ಹೇಳಿ ದಾಟಿಬಿಡಬಹುದು. ಹೆಂಗಸಿಗೆ ಆ ಉತ್ತರ ಇಲ್ಲ. ಮಳವಳ್ಳಿಯಲ್ಲಿ ಬೆಳಿಗ್ಗೆ ಸೀರೆಯ ಕೆಳಗೆ ಷೂ ಹಾಕಿಕೊಂಡು ಕಾಲೇಜಿನ ಮೈದಾನ ಸುತ್ತುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಅಕ್ಕನ ಊರಿನಲ್ಲಿ ಅದು ಇರಲಿಲ್ಲ.

ಎರಡನೆಯ ವಾರ ಒಂದು ಭಾನುವಾರ ನಾನೂ ಅವಳ ಜೊತೆ ನಾಲೆ ಏರಿಯ ಮೇಲೆ ಹೋದೆ. ಸೇತುವೆ ಕಟ್ಟೆಯ ಮೇಲೆ ಕೂತಿದ್ದ ಒಬ್ಬರು ಮುದುಕರು ಕೇಳಿದರು, "ಎಲ್ಗೊಂಟ್ರವ್ವಾ ಇಬ್ರೂ?"

"ಇಲ್ಲೇ ಕಣಣ್ಣ" ಅಂದಳು ಅಕ್ಕ.

"ಇಲ್ಲೇ ಅಂದ್ರೆ ಎಲ್ಲಿ?"

ಅಕ್ಕ ನನ್ನ ಮುಖ ನೋಡಿದಳು. "ವಾಕಿಂಗು" ಎಂದು ನಾನು ಹೇಳಿದೆ. ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿಕೊಂಡು ಕೂಗಿದಳು, "ವಾಕಿಂಗಾ? ಇಲ್ಲಿಗಿಳಿಯಮ್ಮಿ! ಎಲ್ಡು ಸಾಲು ಕಳೆ ಕಿತ್ತಾಕು, ಕೊಬ್ಬೆಲ್ಲ ಕರಗೋಯ್ತದೆ!" ಗದ್ದೆಯ ತುಂಬ ನಗು ಎದ್ದಿತು. ಆಕೆಗೆ ಅಕ್ಕನ ಮೇಲೆ ಪ್ರೀತಿಯೇ ಇತ್ತು, ಆಮೇಲೆ ಆಸ್ಪತ್ರೆಗೂ ಬಂದು ನೋಡಿಕೊಂಡು ಹೋದಳು. ಅಕ್ಕನೂ ನಕ್ಕಳು. ಆದರೆ ಮಾರನೆಯ ದಿನದಿಂದ ಅವಳು ಬರಿಗೈಯಲ್ಲಿ ಹೋಗಲಿಲ್ಲ. ಕುಡುಗೋಲು, ಒಂದು ಮಾರು ಹಗ್ಗ ತೆಗೆದುಕೊಂಡಳು. ಕೇಳಿದವರಿಗೆ "ಹುಲ್ಗೆ ಕಣಣ್ಣ" ಅಂದಳು. ಮತ್ತೆ ಯಾರೂ ಏನೂ ಕೇಳಲಿಲ್ಲ.

ಕುಡುಗೋಲು ಹಿಡಿದು ಹೋದವಳು ಹುಲ್ಲಿಲ್ಲದೆ ಬರುವ ಹಾಗಿಲ್ಲ. ನಾಲೆಯ ತೂಬಿನ ತನಕ ನಡೆದು, ವಾಪಸು ಬರುವಾಗ ಊರು ಹತ್ತಿರವಾದ ಮೇಲೆ ಒಂದು ತೆಕ್ಕೆ ಹುಲ್ಲು ಕೊಯ್ದು ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಎರಡು ತಿಂಗಳು ಹೀಗೆ ನಡೆಯಿತು. ತೂಕ ಇಳಿಯಿತು, ಷುಗರ್ ಇಳಿಯಿತು. ಡಾಕ್ಟರು ರಿಪೋರ್ಟು ನೋಡಿ, "ನಡೆದಿದ್ದೀರಿ ಅಂತ ಗೊತ್ತಾಗುತ್ತೆ" ಅಂದರು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ಪರೀಕ್ಷೆ ಪಾಸಾದ ಮಕ್ಕಳ ಮುಖ ನಾನು ಪ್ರತಿ ವರ್ಷ ನೋಡುವವಳು. ಅವಳ ಮುಖವೂ ಹಾಗೇ ಇತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ತಂತಿಯಿಂದ ಬಿಗಿದಿದ್ದರು. ಹೃದಯಕ್ಕೆ ಜೋಡಿಸಲು ಕಾಲಿನಿಂದ ರಕ್ತನಾಳ ತೆಗೆದಿದ್ದರಿಂದ ಅಲ್ಲೂ ಉದ್ದನೆಯ ಗಾಯ ಇತ್ತು. ಮನೆಗೆ ಕಳಿಸುವಾಗ ನರ್ಸು ನನ್ನನ್ನೂ ಭಾವನನ್ನೂ ಕೂರಿಸಿಕೊಂಡು ಹೇಳಿದರು: ಮೂಳೆ ಕೂಡಿಕೊಳ್ಳಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಒಂದು ಬಿಂದಿಗೆ ನೀರೂ ಎತ್ತುವ ಹಾಗಿಲ್ಲ, ಎರಡೂ ಕೈ ತಲೆಯ ಮೇಲಕ್ಕೆ ಹೋಗಕೂಡದು, ಕೆಮ್ಮು ಬಂದರೆ ದಿಂಬು ಅಪ್ಪಿಕೊಂಡು ಕೆಮ್ಮಬೇಕು. ನಡಿಗೆ ಮಾತ್ರ ಬಿಡಬಾರದು.

ಮೊದಲು ಅವಳನ್ನು ನನ್ನ ಮನೆಗೇ ಕರೆದುಕೊಂಡು ಬಂದೆ. ಬೆಳಿಗ್ಗೆ ನಾನೇ ತಲೆ ಬಾಚಿ ಜಡೆ ಹಾಕುತ್ತಿದ್ದೆ. ಆಮೇಲೆ ಇಬ್ಬರೂ ಮೈದಾನಕ್ಕೆ ಹೋಗುತ್ತಿದ್ದೆವು. ಮೊದಲು ಗೇಟಿನ ತನಕ, ಆಮೇಲೆ ಅರ್ಧ ಸುತ್ತು, ಆಮೇಲೆ ಪೂರ್ತಿ. ಯಾರೂ ಎಲ್ಲಿಗೆ ಅನ್ನಲಿಲ್ಲ. ಒಂದು ದಿನ ಅವಳು ನಿಂತು, ಕೈಗಳೆರಡನ್ನೂ ಮುಂದೆ ಹಿಡಿದು ನೋಡಿಕೊಂಡಳು. "ಈ ಕೈಗೆ ಏನ್ ಮಾಡ್ಬೇಕು ಅಂತ್ಲೇ ಗೊತ್ತಾಗಕಿಲ್ಲ ಕಣೆ, ನಡಿಯುವಾಗ" ಅಂದಳು. ಬೀಸಿಕೊಂಡು ನಡಿ ಅಂದೆ. ಬೀಸಿದಳು. ಆ ದಿನಗಳು ಚೆನ್ನಾಗಿದ್ದವು. ಆಮೇಲೆ ಅಂಥವು ಬರಲಿಲ್ಲ.

ಪಕ್ಷದ ಹಬ್ಬ ಬಂತು. ಹಿರಿಯರಿಗೆ ಎಡೆ ಇಡುವ ದಿನ ಮನೆಯ ಸೊಸೆ ಇನ್ನೊಬ್ಬರ ಮನೆಯಲ್ಲಿ ಇರಬಾರದು. ಭಾವ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋದರು. ಹಬ್ಬ ಮುಗಿದ ಮೇಲೆ ಅವಳು ಅಲ್ಲೇ ಉಳಿದಳು. ಮುಂದಿನದು ಹೆಚ್ಚಾಗಿ ನಾನು ಕೇಳಿದ್ದು.

ಮೊದಲ ಕೆಲವು ದಿನ ಅವಳು ಏರಿಯ ಮೇಲೆ ಬರಿಗೈಯಲ್ಲೇ ನಡೆದಳು. ಆಪರೇಷನ್ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಜನ ದಾರಿ ಬಿಡುತ್ತಿದ್ದರು, ನಿಧಾನ ಕಣವ್ವ ಅನ್ನುತ್ತಿದ್ದರು. ಇತ್ತ ಮನೆಯಲ್ಲಿ ಕಸ ಗುಡಿಸುವುದು, ನೀರು ಹಿಡಿಯುವುದು, ಸಗಣಿ ಬಾಚುವುದು, ಹಸುವಿಗೆ ಹುಲ್ಲು ತರುವುದು ಎಲ್ಲವೂ ಅತ್ತೆಯ ಪಾಲಿಗೆ ಬಿದ್ದಿತ್ತು. ಭಾವ ಬೆಳಿಗ್ಗೆ ಡೈರಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಹೀಗಿರುವಾಗ ಒಂದು ದಿನ ಅಕ್ಕ ಏರಿಯ ಮೇಲೆ ಕೈಬೀಸಿಕೊಂಡು ಬರುತ್ತಿದ್ದಾಗ, ಹುಲ್ಲಿನ ಹೊರೆ ಹೊತ್ತ ಅತ್ತೆ ಅವಳ ಮುಂದೆಯೇ ಊರು ದಾಟಿ ಮನೆಗೆ ಹೋದರಂತೆ. ನಲ್ಲಿಯ ಹತ್ತಿರ ಇದ್ದವರಲ್ಲಿ ಯಾರೋ ಅಂದರಂತೆ, "ತೂಬಿನ್ ಗಂಟ ನಡಿಯಕಾಯ್ತದೆ, ಮನೇಲ್ ಕಸ ಗುಡ್ಸಕಾಗಕಿಲ್ವಂತೆ. ಮುದ್ಕಿ ಹೊರ್ತಾವ್ಳೆ, ಸೊಸೆ ಮೆರವಣಿಗೆ ಓಯ್ತಾವ್ಳೆ."

ಯಾರು ಅಂದಿದ್ದು ಎಂದು ಅಕ್ಕ ಹೇಳಲಿಲ್ಲ. ನಾನು ಕೇಳಿದಾಗ, "ಅವ್ರು ಸುಳ್ಳೇನೂ ಹೇಳ್ನಿಲ್ವಲ್ಲ" ಅಂದಳು.

ನಡಿಗೆ ಬಿಟ್ಟಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮಂಚದ ಮೇಲೆ ಮಲಗಿದ ರೋಗಿಯನ್ನು ಊರು ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಅವಳು ನಡಿಗೆ ಬಿಡಲಿಲ್ಲ. ನಡಿಗೆ ಉಳಿಯಬೇಕೆಂದೇ ಮತ್ತೆ ಕುಡುಗೋಲು, ಹಗ್ಗ ತೆಗೆದುಕೊಂಡಳು. ಮೊದಲು ಕಂಕುಳಲ್ಲಿ ಹಿಡಿಯುವಷ್ಟು ಹುಲ್ಲು. ಅಷ್ಟಕ್ಕೆ ಹಸುವಿನ ಒಂದು ಹೊತ್ತೂ ಸಾಗುವುದಿಲ್ಲ. ಆಮೇಲೆ ತಲೆಯ ಮೇಲೆ ಹೊತ್ತಳು. ಹೊರೆಯನ್ನು ತಲೆಗೇರಿಸಲು ಯಾರಾದರೂ ಒಬ್ಬರು ಆ ಕಡೆಯಿಂದ ಎತ್ತಿಸಬೇಕು, ಹೊರುವವರು ಎರಡೂ ಕೈ ಮೇಲೆತ್ತಿ ಹಿಡಿದುಕೊಳ್ಳಬೇಕು. ದಾರಿಯಲ್ಲಿ ಹೋಗುವ ಯಾರೇ ಆದರೂ ಕೇಳಿದರೆ ಎತ್ತಿಸಿಕೊಡುತ್ತಾರೆ. ಅವಳಿಗೂ ಎತ್ತಿಸಿಕೊಟ್ಟರು.

ಈ ದಿನಗಳಲ್ಲಿ ಅವಳು ಸಪ್ಪೆ ಸಾರೇ ಉಂಡಳು, ಲವಂಗವನ್ನೇ ಅಗಿದಳು. ಮೂರು ಗುಂಡುಗಳನ್ನೂ ಮೇಲಕ್ಕೆತ್ತುತ್ತಿದ್ದಳು.

ಒಂದು ಸಂಜೆ ಫೋನಿನಲ್ಲಿ ಬೇರೆ ಏನೇನೋ ಮಾತಾಡಿ, ಕೊನೆಗೆ ಅಂದಳು, "ಮಗ್ಗುಲಾದ್ರೆ ಎದೆ ಒಳಗೆ ಲಟಕ್ ಅಂತದೆ ಕಣೆ. ನೋವೇನಿಲ್ಲ. ಅಗುಳಿ ಸಡ್ಲಾದಂಗೆ."

ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಅವಳು ಹುಲ್ಲು ತಂದು ಹಾಕಿ ಜಗಲಿಯ ಮೇಲೆ ಕೂತಿದ್ದಳು. ಕುತ್ತಿಗೆಯಲ್ಲಿ ಬೆವರು, ಅದಕ್ಕೆ ಹುಲ್ಲಿನ ಚೂರು ಅಂಟಿಕೊಂಡಿತ್ತು. ಒಳಗೆ ಕರೆದುಕೊಂಡು ಹೋಗಿ ರವಿಕೆಯ ಗುಂಡಿ ಬಿಚ್ಚಿಸಿದೆ. ಗಾಯದ ಗೆರೆಯ ಕೆಳತುದಿ ಕೆಂಪಾಗಿ ತೇವವಾಗಿತ್ತು. ಅಂಗೈ ಇಟ್ಟು ಒಂದು ಸಲ ಕೆಮ್ಮು ಅಂದೆ. ಕೆಮ್ಮಿದಳು. ನನ್ನ ಅಂಗೈ ಕೆಳಗೆ ಅವಳ ಎದೆಯ ಎರಡು ಪಕ್ಕಗಳೂ ಬೇರೆಬೇರೆಯಾಗಿ ಅಲುಗಿದವು. ಅದು ಹೇಗಿತ್ತು ಎಂದು ಯಾರಿಗಾದರೂ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಕೈ ತೆಗೆದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಮುಖ ನೋಡಿ ಭಾವನನ್ನು ಕರೆಯಲು ಡೈರಿಯ ಕಡೆ ಹೊರಟರು.

ಮೈಸೂರಿನಲ್ಲಿ ಮತ್ತೆ ತೆರೆದರು. ತಂತಿಗಳು ಮೂಳೆಯನ್ನು ಕೊಯ್ದುಕೊಂಡು ಹೊರಗೆ ಬಂದಿದ್ದವು, ಒಳಗೆ ಕೀವು ಇತ್ತು. ಕೊಳೆತ ಅಂಚನ್ನು ತೆಗೆದು, ಪಕ್ಕದ ಮಾಂಸವನ್ನು ಎಳೆದು ಮುಚ್ಚಿದರು. ಮೊದಲ ಸಲ ಕೆಲವೇ ದಿನಗಳಲ್ಲಿ ಮನೆಗೆ ಬಂದಿದ್ದವಳು ಈ ಸಲ ದೀಪಾವಳಿ ಕಳೆದರೂ ಆಸ್ಪತ್ರೆಯಲ್ಲೇ ಇದ್ದಳು. ಡಾಕ್ಟರು ಬೇಸರದಿಂದಲೇ ಕೇಳಿದರು, "ಏನಮ್ಮ, ಹೇಳಿದ್ದು ಒಂದೂ ಮಾಡ್ಲಿಲ್ವಾ?"

"ಒಂದಿನಾನೂ ತಪ್ಸಿಲ್ಲ ಸಾ" ಅಂದಳು ಅಕ್ಕ. "ಮಳೆ ಬಂದ್ರೂವೆ ನಡ್ದಿವ್ನಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹುಲ್ಲಿನ ಹೊರೆಯ ವಿಷಯ ಹೇಳಿದೆ. ಹುಲ್ಲು ಯಾಕೆ ತರಬೇಕಿತ್ತು ಎಂದು ಕೇಳಿದರು. ನಡೆಯುವುದಕ್ಕೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲು ಹೊರಟೆ, ಅಷ್ಟರಲ್ಲಿ ಪಕ್ಕದ ಮಂಚದವರು ಅವರನ್ನು ಕರೆದರು.

ಮನೆಗೆ ಕಳಿಸುವ ದಿನ ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ನಿಲ್ಲಿಸಿಕೊಂಡು, ಸೋಂಕಿನಿಂದ ಹೃದಯ ಸೋತಿದೆ, ಇನ್ನೊಂದು ಸಲ ತೆರೆಯುವ ಮಾತೇ ಇಲ್ಲ, ಇರುವಷ್ಟು ದಿನ ನೋವಾಗದ ಹಾಗೆ ನೋಡಿಕೊಳ್ಳಿ ಅಂದರು. ಭಾವ ಹೂಂ ಅಂದರು. ಆಮೇಲೆ ಗೇಟಿನ ಹತ್ತಿರ ಹೋಗಿ ಅಲ್ಲಿಂದ ವಾಪಸು ಬಂದು, "ಏನಂದ್ರು?" ಎಂದು ನನ್ನನ್ನೇ ಕೇಳಿದರು.

ಈಗ ಅವಳ ಮಂಚ ನಡುಮನೆಯಲ್ಲಿದೆ. ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ನಿಲ್ಲಬೇಕು. ಹಸುವನ್ನು ಮಾರಿದ್ದಾರೆ.

ಹೋದ ಭಾನುವಾರ ಹೋಗಿದ್ದೆ. ಕಾಲುಗಳು ನೀರು ತುಂಬಿ ಊದಿಕೊಂಡಿದ್ದವು, ದಿಂಬಿನ ಮೇಲೆ ಎತ್ತಿಟ್ಟೆ. ಅಕ್ಕ ಕೇಳಿದಳು, "ಮುಂದಿನ್ ತಿಂಗ್ಳಿಂದ ಒಸಿ ಒಸಿ ನಡಿಲೇನೆ?"

"ಡಾಕ್ಟರನ್ನ ಕೇಳಿ ಹೇಳ್ತೀನಿ."

"ಆಗ್ಲೇ ಕೇಳ್ಬುಟ್ಟಿದ್ದೀಯೆ ನೀನು" ಅಂದಳು ನನ್ನನ್ನೇ ನೋಡುತ್ತ. "ನಿನ್ ಮೊಕ ನಂಗೊತ್ತಿಲ್ವಾ."

ನಾನು ತಲೆ ಬಗ್ಗಿಸಿ ಅವಳ ಮೊಳಕಾಲ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ತುಂಬಿಕೊಳ್ಳಲಿ ಎಂದು ನೋಡುತ್ತ ಕೂತೆ. ಅವಳೂ ತಲೆ ಎತ್ತಿ ಅದನ್ನೇ ನೋಡುತ್ತಿದ್ದಳು. "ಮುಚ್ಬುಡು" ಅಂದಳು. ನಾನು ಹೊದಿಕೆ ಎಳೆದೆ.