ನಾನು ಹಚ್ಚದ ಬಣ್ಣ

ದೊಡವಾಡದಲ್ಲಿ ನಮ್ಮ ತಂಡದ ನಾಟಕವಿತ್ತು. ಆಫ್ರಿಕಾದಿಂದ ಗುಲಾಮರಾಗಿ ಬಂದ ಸಿದ್ದಿಗಳ ಕಥೆ. ಮುಖ್ಯ ಪಾತ್ರದ ಪರಶು ತಾನೇ ಹಳಿಯಾಳ ಕಡೆಯ ಸಿದ್ದಿ. ಬಣ್ಣ ಹಚ್ಚುವವನು ನಾನು. ಎಲ್ಲರಿಗೂ ಹಚ್ಚುವ ಹಾಗೆ ಅವನ ಕೆನ್ನೆಗೂ ಬಿಳಿ ಸಫೇದಾ ಒಯ್ದಾಗ ಕೈ ಹಿಡಿದ.

"ಈ ಪಾತ್ರಕ್ಕರೆ ಬ್ಯಾಡ್ರಿ, ಅಣ್ಣಾರ."

ಬಿಟ್ಟೆ.

ನಾಟಕ ಮುಗಿದ ಮೇಲೆ ಊರಿನ ಹಿರಿಯರೊಬ್ಬರು ನನಗೆ ಆಯೇರಿ ಮಾಡಲೆಂದು ಉಡುಗೊರೆಯ ಟವೆಲ್ ಹಿಡಿದು ಬಂದರು. ಕಣ್ಣುಗಳು ಒದ್ದೆಯಾಗಿದ್ದವು.

"ಕರಿ ಬಣ್ಣ ಏನ್ ಹಚ್ಚೀರಿ! ಥೇಟ್ ಆಫ್ರಿಕಾದವನ!" ಎಂದು ಪಕ್ಕದಲ್ಲಿದ್ದ ಪರಶುವಿನ ಕಡೆ ತಿರುಗಿದರು. "ತಮ್ಮಾ, ತೊಳಕೊಂಡ ಬಾ, ಖರೇ ಮುಖ ನೋಡೂಣು."

ನಾನು ಬಾಯಿ ತೆರೆಯುವಷ್ಟರಲ್ಲಿ ಪರಶು ಮುಖ ತೊಳೆದು ಬಂದು ಅವರೆದುರು ನಿಂತಿದ್ದ. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿರಿಯರು ಬಹಳ ಹೊತ್ತು ನೋಡಿದರು. ಆಮೇಲೆ ನನಗೆಂದು ತಂದ ಟವೆಲ್ಲನ್ನು ಅವನ ಕೈಗಿಟ್ಟರು.

"ಒರಸ್ಕೋಪಾ."

ಇಷ್ಟು ವರ್ಷಗಳಲ್ಲಿ ನನ್ನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ.